ಸಂಚಿಯ ಹೊನ್ನಮ್ಮ

ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ಹರಿಯುವ ಸುವರ್ಣಾವತಿಗೆ ಆ ಕಡೆಯ ಜನರ ಬಾಯಲ್ಲಿ ಹೊನ್ನುಹೊಳೆ ಎಂದು ಹೆಸರು. ಚಾಮರಾಜನಗರದ ಕಡೆಯಿಂದ ಈ ಹೊಳೆಯ ಜಾಡನ್ನು ಹಿಡಿದು ಹೊರಟವನಿಗೆ ಎಳಂದೂರು ದೊರೆಯುತ್ತದೆ. ಹದಿನಾಡಿನ ಪಾಳೆಯಗಾರರು ಆಳಿದ ಊರು. ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಇಂದಿಗೂ ಕಲ್ಲಿನ ಬಳೆಗಳು ತೂಗುತ್ತಿವೆ. ಷಡಕ್ಷರದೇವನಂಥ ಕವಿ ನೆಲಸಿದ್ದುದೂ, ಮುಂದೆ ಮೈಸೂರಿನ ಮಂತ್ರಿಯಾದ ವಿಶಾಲಾಕ್ಷ ಪಂಡಿತನು ಹುಟ್ಟಿದುದೂ ಇಲ್ಲಿಯೇ. ಹೊನ್ನಮ್ಮನೂ ಈ ಊರಿನ ಮಗಳು.

ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ ಬಹುಕಾಲ ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ಇರಬೇಕಾಯಿತು. 1673ರಲ್ಲಿ ಶ್ರೀರಂಗಪಟ್ಟಣದ ಸಿಂಹಾಸನವೇರಿ 1704ರವರೆಗೆ ಆಳಿದರು. ಅವರ ಪಟ್ಟದರಸಿ ದೇವಾಜಮ್ಮಣ್ಣಿಯ ತವರು ಎಳಂದೂರು. ಆಕೆಯ ಸಂಚಿ ಹಿಡಿಯುವ ಊಳಿಗ ಹೊನ್ನಮ್ಮನ ಪಾಲಿಗೆ ಬಂದಿತು.

ಸಂಚಿ ಎಂದರೆ ಎಲೆ, ಅಡಕೆ, ಸುಣ್ಣ, ಲವಂಗಗಳನ್ನಿಡುವ ಬಟ್ಟೆಯ ಚೀಲ. ಚೀಲ ಸಣ್ಣದು, ಕೆಲಸ ಸಣ್ಣದಲ್ಲ. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು 1610ರಲ್ಲಿ ಆರಂಭಿಸಿದ ನವರಾತ್ರಿಯ ಉತ್ಸವವನ್ನು ನೆನೆಯೋಣ. ಅಂಥ ದಿನ ರಾಣಿವಾಸದಲ್ಲಿ ಹೊತ್ತು ಹುಟ್ಟುವುದಕ್ಕೆ ಮುಂಚೆ ಸಡಗರ ಹುಟ್ಟುತ್ತದೆ. ತವರಿನಿಂದ ಬಂದ ಅಣ್ಣತಮ್ಮಂದಿರು, ಅತ್ತಿಗೆಯರು, ಬಾಗಿನ ಹಿಡಿದ ಮುತ್ತೈದೆಯರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಬಂದವರಿಗೆ ವೀಳ್ಯ, ಹೊರಟವರಿಗೆ ವೀಳ್ಯ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಒಂದು ತಪ್ಪಿಗೆ ವರ್ಷಗಟ್ಟಲೆ ಮುನಿಸು ನಿಂತೀತು. ಏಕೆಂದರೆ ಅರಸನಿಗೆ ರಾಣಿಯರು ಹಲವರು. ಒಂದೇ ತೊಟ್ಟಿಯಲ್ಲಿ ನಗುನಗುತ್ತ ಕುಳಿತ ಸವತಿಯರ ನಡುವೆ ಹರಿದಾಡುವ ಕಣ್ಣೋಟ, ತವರಿನವರ ಮುಂದೆ ನುಂಗಿಕೊಂಡ ಮಾತು, ಹಬ್ಬದ ದೀಪದ ಮರೆಯಲ್ಲಿ ಒರಸಿಕೊಂಡ ಕಣ್ಣು, ಇವೆಲ್ಲವನ್ನೂ ಅತಿ ಸಮೀಪದಿಂದ ಕಾಣಬಲ್ಲವಳು ಒಡತಿಯ ಮಗ್ಗುಲಲ್ಲಿ ಸಂಚಿ ಹಿಡಿದು ನಿಂತವಳು. ಇದು ನನ್ನ ಊಹೆಯೆಂದು ವಾಚಕರು ಬೇಕಾದರೆ ಬದಿಗಿಡಲಿ. ಆಕೆಯ ಕಾವ್ಯವನ್ನು ಓದಿದವರು ಹಾಗೆ ಬದಿಗಿಡಲಾರರು.

ಹೊನ್ನಮ್ಮನಿಗೆ ವಿದ್ಯೆಗುರು ಅಳಸಿಂಗರಾರ್ಯ. ಊಳಿಗದ ಹೆಣ್ಣಿಗೆ ಕಾವ್ಯಶಕ್ತಿಯಿದೆಯೆಂಬ ಸುದ್ದಿ ಅರಮನೆಯಲ್ಲಿ ಹರಡಿತು. ಕಾವ್ಯವೊಂದನ್ನು ರಚಿಸಬೇಕೆಂದು ರಾಣಿಯ ಅಪ್ಪಣೆಯಾಯಿತು. ಹೀಗೆ ಹುಟ್ಟಿದುದು ಒಂಬತ್ತು ಸಂಧಿಗಳ ಸಾಂಗತ್ಯ, ‘ಹದಿಬದೆಯ ಧರ್ಮ’. ಅದೇ ಆಸ್ಥಾನದ ಸಿಂಗರಾರ್ಯನು ಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿ ‘ಮಿತ್ರವಿಂದಾ ಗೋವಿಂದ’ವನ್ನು ರಚಿಸಿದನು. ‘ರತ್ನಾವಳಿ’ಯಲ್ಲಿ ವಸಂತೋತ್ಸವದ ಗದ್ದಲ, ಅರಸನ ಹೊಸ ಪ್ರೇಮ, ಹಿರಿಯರಾಣಿಯ ಕೋಪ. ಪಂಡಿತರಿಗೆ ಅದು ನಾಟಕದ ವಿನೋದ. ಸಂಚಿಯವಳಿಗೆ ಅದು ದಿನದ ಸಂಸಾರ.

ಆದರೆ ಆಕೆ ವಿನೋದವನ್ನೂ ಬರೆಯಲಿಲ್ಲ, ದೂರನ್ನೂ ಬರೆಯಲಿಲ್ಲ, ಧರ್ಮವನ್ನು ಬರೆದಳು. ಗಂಡನೇ ದೈವ, ಅತ್ತೆಮಾವಂದಿರ ಸೇವೆಯೇ ವ್ರತ, ಸವತಿಯಲ್ಲಿ ಮತ್ಸರ ಕೂಡದು: ಉಪದೇಶ ಪುರಾಣದ ಸತಿಯರ ದೃಷ್ಟಾಂತಗಳೊಡನೆ ಸಾಗುತ್ತದೆ. ಇಂದಿನ ತರುಣ ಓದುಗರಿಗೆ ಇದು ಒಪ್ಪಿಗೆಯಾಗದು, ಆಗಬೇಕಾದುದೂ ಇಲ್ಲ. ಎಲ್ಲ ಸಹನೆಯನ್ನೂ ಹೆಣ್ಣಿನ ತಲೆಗೇ ಹೊರಿಸಿದಳೆಂಬ ಆಕ್ಷೇಪಣೆ ನ್ಯಾಯವಾದುದೇ. ಪುಸ್ತಕವನ್ನು ಬೇಡಿದವಳೇ ಸವತಿಯರ ನಡುವೆ ಬಾಳುತ್ತಿದ್ದ ರಾಣಿ ಎಂಬುದನ್ನು ಮಾತ್ರ ಮರೆಯಬಾರದು.

ಹೀಗೆ ವಿಧೇಯವಾಗಿ ನಡೆಯುತ್ತಿದ್ದ ಲೇಖನಿ ಒಂದೆಡೆ ತಟ್ಟನೆ ನಿಲ್ಲುತ್ತದೆ. ಹೆಣ್ಣೆಂದು ಹಳಿಯುವ ಜನರನ್ನು ಕವಯಿತ್ರಿ ಎದುರಿಗೆ ನಿಲ್ಲಿಸಿ, ಅವರನ್ನು ಹೆತ್ತವಳಾರು, ಸಾಕಿದವಳಾರು ಎಂದು ಕೇಳುತ್ತಾಳೆ. ಅವರ ಕಣ್ಣೇ ಕುರುಡೆನ್ನುತ್ತಾಳೆ. ಗಂಡಾದುದರಿಂದ ಬಂದ ಹೆಚ್ಚೇನು, ಹೆಣ್ಣಾದುದರಿಂದ ಬಂದ ಕೊರತೆಯೇನು, ಯಾರಿಂದ ಮನೆಗೆ ಏಳಿಗೆಯೋ ಅವರೇ ಮೇಲು ಎಂಬುದು ಆಕೆಯ ವಾದ. ರಾಣಿಗೂ ಅರಸನಿಗೂ ಕೇಳಿಸುವಂತೆ, ಅವರದೇ ಅನ್ನವುಂಡು, ಊಳಿಗದವಳೊಬ್ಬಳು ಇದನ್ನು ಹೇಳಿದಳು. ಪತಿವ್ರತೆಯ ನಿಯಮಗಳನ್ನು ಹೇಳಿದವರು ಹಿಂದೆಯೂ ಇದ್ದರು. ಈ ಪ್ರಶ್ನೆಯನ್ನು ಈ ಬಿಸುಪಿನಿಂದ ಕೇಳಿದವರು ಹೆಚ್ಚಿಲ್ಲ.

ಅದೇ ಆಸ್ಥಾನದ ಕಾಲದಲ್ಲಿ ಶೃಂಗಾರಮ್ಮ ‘ಪದ್ಮಿನೀ ಕಲ್ಯಾಣ’ವನ್ನು ಬರೆದಳು, ತಿರುಮಲಾರ್ಯ, ಚಿಕುಪಾಧ್ಯಾಯರಂಥ ವಿದ್ವಾಂಸರಿದ್ದರು. ಅವರ ಪ್ರೌಢಿಮೆ ಹೊನ್ನಮ್ಮನದಲ್ಲ. ಆಕೆಯದು ತಿಳಿಯಾದ ಮಾತು, ಸಾಂಗತ್ಯದ ಸಲೀಸು ನಡೆ. ಓದುಬಾರದ ಹೆಂಗಸೂ ಕೇಳಿ ಅರಿತಾಳು. ಕಾವ್ಯವನ್ನು ಆಕೆ ಪಶ್ಚಿಮರಂಗನಿಗೆ ಒಪ್ಪಿಸಿದಳು. ತನ್ನ ಹೆಸರನ್ನು ಹೇಳಿಕೊಳ್ಳಬೇಕಾದಲ್ಲಿ ಕವಿಯ ಬಿರುದುಬಾವಲಿ ಒಂದನ್ನೂ ಹಚ್ಚಲಿಲ್ಲ. ಸಂಚಿಯನ್ನು ಮಾತ್ರ ಬಿಡಲಿಲ್ಲ.