ಕುಂದಗೋಳದ ಗುಮಾಸ್ತರ ಮಗನ ಜಮಾ-ಖರ್ಚು

ಹುಬ್ಬಳ್ಳಿಯ ದೇಶಪಾಂಡೆ ನಗರದ ಸವಾಯಿ ಗಂಧರ್ವ ಹಾಲ್ ಯಾರಿಗೆ ಗೊತ್ತಿಲ್ಲ? ಆಟೋದವನಿಗೆ ಹೆಸರು ಹೇಳಿದರೆ ಸಾಕು, ದಾರಿ ಕೇಳುವುದಿಲ್ಲ, ಸೀದಾ ತಂದು ನಿಲ್ಲಿಸುತ್ತಾನೆ. ಆದರೆ ಆ ಹೆಸರಿನ ಮನುಷ್ಯ ಯಾರು, ಯಾವ ಊರಿನವರು, ಹೊಟ್ಟೆಪಾಡಿಗೆ ಏನು ಮಾಡಿದರು ಅಂತ ಕೇಳಿ ನೋಡಿ. ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ಯಾರೋ ದೊಡ್ಡ ಹಾಡುಗಾರ, ಪುಣೆ ಕಡೆಯವರು ಇರಬೇಕು ಅಂತ ಹೇಳಿ ಕೈ ತೊಳೆದುಕೊಳ್ಳುವವರೂ ಇದ್ದಾರೆ.

ಪುಣೆಯವರಲ್ಲ ಸ್ವಾಮಿ. ನಮ್ಮ ಕುಂದಗೋಳದವರು. ದಿನಾ ಬೆಳಗಾದರೆ ಹುಬ್ಬಳ್ಳಿಗೆ ಬಸ್ಸು ಹಿಡಿಯುವ ಊರಿನವರು.

ಹೆಸರು ರಾಮಚಂದ್ರ. ಮನೆತನದ ಮೂಲ ಅದೇ ತಾಲೂಕಿನ ಸಂಶಿ. ಹುಟ್ಟಿದ್ದು 1886ರ ಜನವರಿ 19ರಂದು. ಬೆಳೆದದ್ದು ಕುಂದಗೋಳದಲ್ಲಿ. ಆಗ ಆ ಊರು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸುತ್ತಮುತ್ತ ಬ್ರಿಟಿಷರ ಮುಂಬಯಿ ಇಲಾಖೆ, ನಡುವೆ ಸಂಸ್ಥಾನದ ಈ ತುಂಡು. ತಂದೆ ಗಣೇಶರಾಯರು ಊರಿನ ದೊಡ್ಡ ಮನೆ ನಾಡಿಗೇರರ ಹತ್ತಿರ ಗುಮಾಸ್ತರು. ಗುಮಾಸ್ತರ ಮನೆ ಎಂದರೆ ಹೇಗಿರುತ್ತದೆ ಎಂದು ಪೇಟೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರ ಸಾವಿರ ರೂಪಾಯಿ ಲೆಕ್ಕ ಬರೆಯುವ ಕೈ, ತನ್ನ ಮನೆಯ ಹತ್ತು ರೂಪಾಯಿಗೆ ಹತ್ತು ಸಲ ಯೋಚನೆ ಮಾಡುತ್ತದೆ.

ಮಗ ನಾಲ್ಕಕ್ಷರ ಕಲಿತು ಎಲ್ಲಾದರೂ ನೌಕರಿ ಹಿಡಿಯಲಿ ಎಂದು ಹುಬ್ಬಳ್ಳಿಯ ಶಾಲೆಗೆ ಹಾಕಿದರು. ಹುಡುಗನ ಕಿವಿ ಮಾತ್ರ ಬೇರೆ ಕಡೆ. ಹುಡುಗನ ಮನಸ್ಸು ನೋಡಿ ಬಲವಂತರಾವ್ ಕೊಲ್ಹಟಕರರ ಹತ್ತಿರ ಪಾಠಕ್ಕೆ ಬಿಟ್ಟರು. ಧ್ರುಪದ, ತರಾನಾ, ತಾಳದ ಲೆಕ್ಕ ಅಲ್ಲಿ ಸಿಕ್ಕಿತು. 1898ರಲ್ಲಿ ಆ ಗುರುಗಳು ತೀರಿಕೊಂಡರು. ಹನ್ನೆರಡು ವರ್ಷದ ಹುಡುಗ ಮತ್ತೆ ಬೀದಿಗೆ ಬಿದ್ದಂತಾಯಿತು. ಶಾಲೆಯೂ ಸರಿಯಾಗಿ ಹತ್ತಲಿಲ್ಲ, ಹಾಡೂ ಅರ್ಧಕ್ಕೆ ನಿಂತಿತು.

ಖಾನ್ ಸಾಹೇಬರು ಬಂದರು

ಆ ಕಾಲಕ್ಕೆ ಅಬ್ದುಲ್ ಕರೀಂ ಖಾನರ ಹೆಸರು ಈ ಭಾಗದಲ್ಲಿ ಮೇಲೇಳುತ್ತಿತ್ತು. ಉತ್ತರದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದವರು, ಮೀರಜಿನಲ್ಲಿ ನೆಲೆ ಕಂಡವರು. ಮೈಸೂರು ಅರಮನೆಗೂ ಬೇಕಾದವರು. ಮೀರಜಿನಿಂದ ಮೈಸೂರಿಗೆ ಹೋಗುವ ರೈಲಿನ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ ಬರುತ್ತವಲ್ಲ, ಹೀಗಾಗಿ ನಮ್ಮ ಸೀಮೆಗೆ ಅವರ ಓಡಾಟ ಇತ್ತು. ಸಂಗೀತದ ಹುಚ್ಚಿದ್ದ ನಾಡಿಗೇರರ ವಾಡೆಗೂ ಬಂದರು.

ಗುಮಾಸ್ತರ ಮಗ ಅವರ ಹಾಡು ಕೇಳಿದ. ಕೇಳಿದ ಠುಮರಿಯನ್ನು ತನ್ನಷ್ಟಕ್ಕೆ ಗುನುಗುತ್ತಿದ್ದಾಗ ಅದು ಖಾನ್ ಸಾಹೇಬರ ಕಿವಿಗೆ ಬಿತ್ತು, ಅಲ್ಲಿಂದ ಶಿಷ್ಯತ್ವ ಕುದುರಿತು ಎಂದು ಹೇಳುವ ಕಥೆ ಇದೆ. ಕಥೆ ಹೇಗೇ ಇರಲಿ, ಕರಾರು ಮಾತ್ರ ಗಟ್ಟಿ. ಕಡಿಮೆ ಎಂದರೂ ಎಂಟು ವರ್ಷ ಗುರುಗಳ ಜೊತೆಗಿರಬೇಕು, ನಡುವೆ ಬಿಟ್ಟು ಹೋಗುವಂತಿಲ್ಲ.

ಎಂಟು ವರ್ಷ! ಇವತ್ತು ಮೂರು ತಿಂಗಳಲ್ಲಿ ಸಂಗೀತ ಕಲಿಸುತ್ತೇವೆ ಎಂದು ಗೋಡೆಗೆ ಚೀಟಿ ಅಂಟಿಸುವವರಿದ್ದಾರೆ. ಆಗಿನ ಪಾಠ ಹಾಗಲ್ಲ. ಗುರುಗಳ ಹಿಂದೆ ಊರೂರು ತಿರುಗಬೇಕು. ಬೈಠಕ್ ಆದರೆ ಹಿಂದೆ ಕೂತು ತಂಬೂರಿ ಹಿಡಿಯಬೇಕು. ಒಂದೇ ರಾಗವನ್ನು ತಿಂಗಳುಗಟ್ಟಲೆ ತಿಕ್ಕಬೇಕು. ಕಿರಾಣಾ ಘರಾಣೆಯ ಪದ್ಧತಿಯೇ ಹಾಗೆ. ಒಂದೊಂದು ಸ್ವರವನ್ನು ಸಾವಕಾಶವಾಗಿ ಹಿಗ್ಗಿಸುತ್ತ, ಅದರ ರಸ ಪೂರ್ತಿ ತೆಗೆದು, ಆಮೇಲೆ ಮುಂದಿನ ಸ್ವರಕ್ಕೆ ಕೈ ಹಾಕಬೇಕು. ಅವಸರದವರ ದಂಧೆ ಅಲ್ಲ ಅದು.

ಅದರಲ್ಲೂ ರಾಮಭಾವು ಅವರದ್ದು ಹುಟ್ಟಿನಿಂದ ಜೇನಿನಂಥ ಕಂಠ ಅಲ್ಲ. ಸ್ವಲ್ಪ ಬಿರುಸು, ಮಣಿಯದ ಕಂಠ. ಸಾಧನೆ ಮಾಡಿ ಮಾಡಿ ಮಣಿಸಿದರು. ದೊಡ್ಡವರಾದ ಮೇಲೂ ಬೈಠಕ್ಕಿನ ಮೊದಲಿಗೆ ದನಿ ಕೂಡಲು ಹೊತ್ತು ಹಿಡಿಯುತ್ತಿತ್ತು. ಚಳಿಗಾಲದ ಬೆಳಗಿನಲ್ಲಿ ಹಳೆಯ ಬಸ್ಸು ಚಾಲೂ ಆದ ಹಾಗೆ. ಒಮ್ಮೆ ಕಾವು ಏರಿತೋ, ಕೂತವರು ಏಳುತ್ತಿರಲಿಲ್ಲ.

ಗುರುವಿನ ಮಾತು ಮೀರಿ ಕಂಪನಿಗೆ

ದೊಡ್ಡ ಖಯಾಲ್ ಗಾಯಕನಾಗಬೇಕು, ಗುರುಗಳ ಹಾಗೆ ಸಭೆ ಆಳಬೇಕು. ಅಷ್ಟು ವರ್ಷದ ಕಷ್ಟ ಅದಕ್ಕಾಗಿಯೇ. ಆದರೆ ಖಯಾಲ್ ಕೇಳಲು ಕರೆಯುವವರು ಎಷ್ಟು ಮಂದಿ? ಒಬ್ಬ ಸಂಸ್ಥಾನಿಕ, ಒಬ್ಬ ಇನಾಮದಾರ, ಅಲ್ಲೊಬ್ಬ ಇಲ್ಲೊಬ್ಬ ಸಾಹುಕಾರ. ಹೊಸ ಹುಡುಗನನ್ನು ಕರೆದು ಶಾಲು ಹೊದಿಸುವವರು ಯಾರು?

ಇನ್ನೊಂದು ಕಡೆ ಮರಾಠಿ ಸಂಗೀತ ನಾಟಕದ ಸುಗ್ಗಿ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹಾಕಿದ ಬೀಜ ಆಗ ಮರವಾಗಿತ್ತು. ಹೆಂಗಸರು ರಂಗಕ್ಕೆ ಬರದ ಕಾಲ. ಚೆನ್ನಾಗಿ ಹಾಡುವ ಹುಡುಗರಿಗೇ ಸ್ತ್ರೀ ಪಾತ್ರ. ಕಂಪನಿ ಸೇರಿದರೆ ಪಗಾರ, ಊಟ, ವಸತಿ. ಮೇಲಿಂದ ಹೆಸರು. ಸಾವಿರ ಮಂದಿ ಒಮ್ಮೆಗೇ ಕೇಳುತ್ತಾರೆ.

ರಾಮಭಾವು ಕಂಪನಿ ಸೇರಿದರು. ಗುರುಗಳಿಗೆ ಇದು ಬೇಕಿರಲಿಲ್ಲ. ನಾಟಕದ ಹಾಡಿಗೆ ಇಳಿದರೆ ಕಲಿಸಿದ ವಿದ್ಯೆ ಕೆಡುತ್ತದೆ ಎಂಬುದು ಖಾನ್ ಸಾಹೇಬರ ಸಂಕಟ. ಶಿಷ್ಯ ಕೇಳಲಿಲ್ಲ. ಇದನ್ನು ಗುರುದ್ರೋಹ ಎಂದವರೂ ಇದ್ದಿರಬಹುದು. ಆದರೆ ಖಾಲಿ ಡಬ್ಬಿ ಎದುರಿಗಿಟ್ಟುಕೊಂಡು ಆಲಾಪ ಮಾಡಲು ಬರುವುದಿಲ್ಲ ಎಂಬುದು ಮನೆ ನಡೆಸುವ ಯಾರಿಗೂ ತಿಳಿದ ಮಾತು.

ಸೀರೆ ಉಟ್ಟು ರಂಗಕ್ಕೆ ಬಂದರು. 'ಸೌಭದ್ರ'ದ ಸುಭದ್ರೆಯಾಗಿ ಹಾಡಿದರು. ಮೈಕು ಇಲ್ಲದ ಕಾಲ. ಹಿಂದಿನ ಸಾಲಿನವನಿಗೂ ಕೇಳುವ ಹಾಗೆ ಹಾಡಬೇಕು. ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಅಂತ ಕೂಗುವುದು, ನಟ ಮತ್ತೆ ಹಾಡುವುದು, ಹೀಗೆ ನಾಟಕ ಮುಗಿಯುವುದರೊಳಗೆ ಕೋಳಿ ಕೂಗಿದರೂ ಕೂಗಿತು. ಬೆಳಗಾದರೆ ಪರದೆ ಸುತ್ತಿ, ಪೆಟ್ಟಿಗೆ ಕಟ್ಟಿ, ರೈಲಿಗೆ ಏರಿಸಿ ಮುಂದಿನ ಊರಿಗೆ. ಅಲ್ಲಿ ಮಳೆ ಬಂದರೆ ಡಬ್ಬಿ ಖಾಲಿ. ಪ್ಲೇಗು ಬಂದರೆ ಊರೇ ಖಾಲಿ. ಕಂಪನಿಯ ಬದುಕು ಎಂದರೆ ಒಂದು ರಾತ್ರಿ ರಾಜವೈಭವ, ಮರುದಿನ ಸಾಲದವನ ಬಾಗಿಲು.

ಕೀರ್ತಿ ಮಾತ್ರ ಬಂತು. ಅದೇ ಕಾಲದಲ್ಲಿ ನಾರಾಯಣ ರಾಜಹಂಸರು ಬಾಲಗಂಧರ್ವ ಎಂಬ ಹೆಸರಿನಿಂದ ಮಹಾರಾಷ್ಟ್ರವನ್ನೇ ಮರುಳು ಮಾಡಿದ್ದರು. ಅಂಥ ಕಾಲದಲ್ಲಿ ಕನ್ನಡ ನಾಡಿನಿಂದ ಹೋದ ಈ ಹುಡುಗನ ಹಾಡು ಕೇಳಿ ಅಮರಾವತಿಯ ದಾದಾಸಾಹೇಬ ಖಾಪರ್ಡೆಯವರು ಸವಾಯಿ ಗಂಧರ್ವ ಎಂಬ ಬಿರುದು ಕೊಟ್ಟರು. ಖಾಪರ್ಡೆ ಎಂದರೆ ಲೋಕಮಾನ್ಯ ತಿಲಕರ ಜೊತೆಗಾರರು, ಸಣ್ಣ ಆಳಲ್ಲ. ಸವಾಯಿ ಎಂದರೆ ಒಂದೂ ಕಾಲು. ವ್ಯಾಪಾರಸ್ಥರಿಗೆ ಇದು ಗೊತ್ತಿರುವ ಲೆಕ್ಕ. ಒಬ್ಬ ಗಂಧರ್ವನಿಗಿಂತ ಕಾಲು ಪಾಲು ಹೆಚ್ಚು!

ಬಿರುದು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ ಗುಮಾಸ್ತರ ಮಗ ರಾಮಚಂದ್ರನ ಸ್ವಂತ ಹೆಸರು ಜನಕ್ಕೆ ಮರೆತೇ ಹೋಯಿತು.

ಪರದೆ ಬಿತ್ತು

ನಾಟಕದಲ್ಲಿ ಹೆಸರು ಗಳಿಸಿದರೂ ಖಯಾಲನ್ನು ಅವರು ಬಿಡಲಿಲ್ಲ. ಆದರೆ ವರ್ಷಗಳು ಹೋದವು. ಸ್ತ್ರೀ ಪಾತ್ರ ಎಷ್ಟು ದಿನ ನಡೆದೀತು? ವಯಸ್ಸು ಮುಖದ ಮೇಲೆ ಬರೆದೇ ಬರೆಯುತ್ತದೆ, ಬಣ್ಣ ಹಚ್ಚಿ ಮುಚ್ಚಲು ಆಗುವುದಿಲ್ಲ. ಅಷ್ಟರಲ್ಲಿ 1931ರಲ್ಲಿ 'ಆಲಂ ಆರಾ' ಬಂತು, ಮರುವರ್ಷ ಮರಾಠಿ ಮಾತಿನ ಚಿತ್ರ, 1934ರಲ್ಲಿ ಕನ್ನಡದ 'ಸತಿ ಸುಲೋಚನಾ'. ಕಡಿಮೆ ದುಡ್ಡಿಗೆ ಬೆಳ್ಳಿ ಪರದೆಯ ಮೇಲೆ ಹಾಡು, ಕುಣಿತ ಎಲ್ಲ ಸಿಗುವಾಗ ಕಂಪನಿ ನಾಟಕಕ್ಕೆ ಯಾರು ಬರುತ್ತಾರೆ? ಒಂದಾದ ಮೇಲೆ ಒಂದು ಕಂಪನಿ ಬಾಗಿಲು ಹಾಕಿದವು.

ಸವಾಯಿ ಗಂಧರ್ವರು ಬಣ್ಣ ತೊಳೆದು ಬೈಠಕ್ಕಿಗೆ ತಿರುಗಿದರು. ಗ್ರಾಮಾಫೋನ್ ತಟ್ಟೆಗಳನ್ನೂ ಕೊಟ್ಟರು. ಒಂದು ಬದಿಗೆ ಮೂರು ಮೂರೂವರೆ ನಿಮಿಷ. ಒಂದು ಸ್ವರಕ್ಕೇ ಅಷ್ಟು ಹೊತ್ತು ಬೇಕೆನ್ನುವ ಪದ್ಧತಿಯವರು ಅಷ್ಟರಲ್ಲೇ ಇಡೀ ರಾಗ ತೋರಿಸಬೇಕಾಯಿತು. ಇವತ್ತಿಗೂ ಕೇಳಲು ಸಿಗುವ ಅವರ ದನಿ ಬಹುಮಟ್ಟಿಗೆ ಆ ತಟ್ಟೆಗಳದ್ದೇ.

ಇಲ್ಲಿಗೆ ಲೆಕ್ಕ ಮುಗಿಸಿದರೆ ಖರ್ಚೇ ಜಾಸ್ತಿ ಕಾಣುತ್ತದೆ. ಗುರುವಿನ ಮನಸ್ಸು ನೋಯಿಸಿ ಹೋದ ರಂಗ ಕೈಬಿಟ್ಟಿತು. ಖಯಾಲಿಗೆ ಮೀಸಲಿಡಬೇಕಾದ ಹುರುಪಿನ ವರ್ಷಗಳು ಡೇರೆ, ರೈಲು, ಪೆಟ್ಟಿಗೆಗಳಲ್ಲಿ ಕಳೆದವು. ಆದರೆ ಜಮಾ ಬಾಜು ಇನ್ನೂ ಬರೆಯುವುದಿದೆ.

ಹುಬ್ಬಳ್ಳಿ ರೈಲು, ಗದಗಿನ ಹುಡುಗ

ಕುಂದಗೋಳದ ಮನೆಗೆ ಶಿಷ್ಯರು ಬರತೊಡಗಿದರು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ರೈಲಿನಲ್ಲಿ ಬರುತ್ತಿದ್ದರು. ಪಾಠ ಮುಗಿಸಿ ರಾತ್ರಿ ರೈಲಿಗೆ ವಾಪಸ್. ಮನೆ, ಮಕ್ಕಳು, ಸಂಸಾರದ ತಾಪತ್ರಯ ಎಲ್ಲ ಇಟ್ಟುಕೊಂಡೇ. ಹಾಡುವ ಹೆಂಗಸು ಎಂದರೆ ಜನ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಹೀಗೆ ಓಡಾಡಲು ಗುಂಡಿಗೆ ಬೇಕು. ಗುರುಗಳು ಒಂದು ಸಣ್ಣ ಪಲಟಾ ಕೊಟ್ಟು ಅದನ್ನೇ ತಿಕ್ಕಿ ತಿಕ್ಕಿ ಹೇಳಿಸುತ್ತಿದ್ದರು. ಅದು ಸರಿಯಾಗದೆ ಇನ್ನೊಂದು ಇಲ್ಲ.

ಗದಗಿನಿಂದ ಒಬ್ಬ ಹುಡುಗ ಬಂದ. 1933ರಲ್ಲಿ, ಹನ್ನೊಂದು ವರ್ಷದವನಿದ್ದಾಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ್ದ. ಗ್ವಾಲಿಯರ್, ಜಲಂಧರ್ ತಿರುಗಿದ. ಅಲ್ಲಿ ವಿನಾಯಕರಾವ್ ಪಟವರ್ಧನರು ಕಂಡು, ಇಷ್ಟು ದೂರ ಯಾಕೆ ಬಂದೆ, ನಿಮ್ಮ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ ಎಂದು ತಿರುಗಿಸಿ ಕಳಿಸಿದರು. ಊರೆಲ್ಲ ಹುಡುಕಿದ್ದು ಬಗಲಲ್ಲೇ ಇತ್ತು. ಆ ಹುಡುಗನೇ ಭೀಮಸೇನ ಜೋಶಿ. 1936ರಲ್ಲಿ ಕುಂದಗೋಳ ಸೇರಿದ. ಮೊದಮೊದಲು ಪಾಠವೇ ಇಲ್ಲ. ನೀರು ಹೊರುವುದು, ಮನೆಗೆಲಸ ಮಾಡುವುದು, ಗುರುಗಳು ಹಾಡುವಾಗ ಕಿವಿ ತೆರೆದಿಡುವುದು. ಗಂಗೂಬಾಯಿ ಪಾಠ ಮುಗಿಸಿ ಹೊರಟರೆ ಸ್ಟೇಷನ್ನಿನವರೆಗೆ ಬಿಟ್ಟು ಬರುವ ಕೆಲಸವೂ ಇವನದ್ದೇ.

ಮುಂಬಯಿಯ ಪಾರ್ಸಿ ಹುಡುಗ ಫಿರೋಜ್ ದಸ್ತೂರ್ ಸಿನಿಮಾದಲ್ಲಿ ನಟನಾಗಿ ಹೆಸರು ಮಾಡಿದವರು, ಅವರೂ ಇವರ ಶಿಷ್ಯರಾದರು. ಪಂಚಾಕ್ಷರಿ ಗವಾಯಿಗಳ ಕೈಯಲ್ಲಿ ಪಳಗಿದ ಬಸವರಾಜ ರಾಜಗುರು ಇವರಿಂದಲೂ ಕಲಿತರು.

ಒಂದು ಮಾತು ಗಮನಿಸಿ. ತಾವು ಯೌವನದಲ್ಲಿ ಅವಸರಪಟ್ಟು ರಂಗಕ್ಕೆ ಹೋದ ಮನುಷ್ಯ, ಶಿಷ್ಯರಿಗೆ ಮಾತ್ರ ಅವಸರ ಕಲಿಸಲಿಲ್ಲ. ಖಾನ್ ಸಾಹೇಬರು ತಮ್ಮನ್ನು ಹೇಗೆ ತಿಕ್ಕಿದ್ದರೋ ಹಾಗೇ ತಿಕ್ಕಿದರು. ಕೆಲವೇ ರಾಗ, ಆದರೆ ಬುಡದಿಂದ ತುದಿಯವರೆಗೆ. ಗುರುವಿನ ಮಾತು ಮೀರಿ ಹೋದ ಶಿಷ್ಯ ಗುರುವಿನ ಋಣ ತೀರಿಸಿದ್ದು ಹೀಗೆ. 1937ರ ಅಕ್ಟೋಬರ್‌ನಲ್ಲಿ ಖಾನ್ ಸಾಹೇಬರು ಮದರಾಸಿನ ಆಚೆ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ತೀರಿಕೊಂಡಾಗ, ಅವರ ಪದ್ಧತಿ ಕುಂದಗೋಳದ ಮನೆಯಲ್ಲಿ ಎರಡನೆಯ ತಲೆಮಾರಿನ ಬಾಯಲ್ಲಿ ನಡೆಯುತ್ತಿತ್ತು.

ಕಂಠ ನಿಂತಿತು, ಹಾಡು ನಿಲ್ಲಲಿಲ್ಲ

1940ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿಯಿತು. ಅಷ್ಟು ವರ್ಷ ಸಾಧನೆ ಮಾಡಿ ಮಣಿಸಿದ ಕಂಠ ಕೈಕೊಟ್ಟಿತು. ಸಭೆಯ ಹಾಡುಗಾರಿಕೆ ಅಲ್ಲಿಗೆ ಮುಗಿಯಿತು. ಹಾಡುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅಂಗಡಿ ತುಂಬ ಮಾಲಿದೆ, ಬಾಗಿಲಿಗೆ ಬೀಗ ಬಿದ್ದಿದೆ ಎಂದ ಹಾಗೆ.

1946ರಲ್ಲಿ ಪುಣೆಯಲ್ಲಿ ಅವರ ಅರವತ್ತರ ಸಮಾರಂಭ ಆಯಿತು. ಗುರುಗಳು ಕೇಳುತ್ತ ಕೂತರು, ಭೀಮಸೇನ ಹಾಡಿದರು. ನೀರು ಹೊತ್ತ ಹುಡುಗನ ಹೆಸರು ಮಹಾರಾಷ್ಟ್ರದ ತುಂಬ ಹರಡಿದ್ದು ಆ ಹಾಡಿನಿಂದ. 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ಸವಾಯಿ ಗಂಧರ್ವರು ಕಣ್ಣು ಮುಚ್ಚಿದರು. ವಯಸ್ಸು ಅರವತ್ತಾರು.

ಮರುವರ್ಷದಿಂದ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಯಿತು. ಅಳಿಯ ಡಾ. ನಾನಾಸಾಹೇಬ ದೇಶಪಾಂಡೆ ಹಾಗೂ ಭೀಮಸೇನ ಜೋಶಿ ಅದಕ್ಕೆ ಹೆಗಲು ಕೊಟ್ಟರು. ಸಣ್ಣದಾಗಿ ಶುರುವಾದದ್ದು ದೇಶದ ದೊಡ್ಡ ಉತ್ಸವಗಳಲ್ಲಿ ಒಂದಾಯಿತು. ಕುಂದಗೋಳದಲ್ಲೂ, ಅದೇ ನಾಡಿಗೇರರ ವಾಡೆಯಲ್ಲಿ, ಪುಣ್ಯತಿಥಿಗೆ ರಾತ್ರಿಯಿಡೀ ಹಾಡುವ ಪರಂಪರೆ ಬೆಳೆಯಿತು. ಟಿಕೆಟ್ಟಿನ ಸಾಲಿಲ್ಲ, ಕುರ್ಚಿಯ ಜಗಳ ಇಲ್ಲ. ಹೊಲದ ಕೆಲಸ ಮುಗಿಸಿ ಬಂದ ರೈತ ನೆಲದ ಮೇಲೆ ಕೂತು ತೋಡಿ ಕೇಳಿ ಎದ್ದು ಹೋಗುವುದನ್ನು ಆ ವಾಡೆ ಕಂಡಿದೆ.

ಶಿಷ್ಯರ ಲೆಕ್ಕವನ್ನೂ ನೋಡಿ. ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ. ಭೀಮಸೇನರಿಗೆ 2008ರಲ್ಲಿ ಭಾರತರತ್ನ. 2009ರಲ್ಲಿ ಅವರು, 2011ರಲ್ಲಿ ಇವರು ಹೋದರು. ಗುರುವಿಗೆ ಸಿಗದ ಆಯುಷ್ಯ, ಸಿಗದ ಸುಗ್ಗಿ ಶಿಷ್ಯರಿಗೆ ಸಿಕ್ಕಿತು.

ಗುಮಾಸ್ತರ ಮಗ ಕಂಡ ಕನಸು ಕಂಡ ಹಾಗೆ ಫಲಿಸಲಿಲ್ಲ. ಅರ್ಧ ಹೊಟ್ಟೆಪಾಡು ತಿಂದಿತು, ಉಳಿದರ್ಧ ರೋಗ ತಿಂದಿತು. ಆದರೂ ಬರಿಗೈಯಲ್ಲಿ ಹೋದರು ಎನ್ನಲು ಬರುವುದಿಲ್ಲ. ಕೈಗೆ ಬಂದ ಬಂಡವಾಳವನ್ನು ಕೆಡದಂತೆ ಕಾಪಾಡಿ, ಸರಿಯಾದ ನಾಲ್ಕು ಮಂದಿಯ ಕೈಗೆ ದಾಟಿಸಿದರು. ಬಸ್ಸಿನ ಕಿಟಕಿಯಿಂದ ಕುಂದಗೋಳ ಕಂಡಾಗ, ಇಲ್ಲಿಂದ ಏನು ಹೊರಟು ಎಲ್ಲೆಲ್ಲಿಗೆ ಮುಟ್ಟಿತು ಎಂದು ಒಮ್ಮೆ ನೆನೆದರೆ ಸಾಕು. ಟಿಕೆಟ್ಟಿಗೆ ಅದರಿಂದ ಹೆಚ್ಚಿನ ದರ ಬೀಳುವುದಿಲ್ಲ.