ತೇಜಸ್ವಿ ಮತ್ತು ಅವರ ನಾಯಿ ಕಿವಿ: ಫಾರ್ವರ್ಡ್‌ನಲ್ಲಿ ಬಾರದ ಕಥೆ

ಕಳೆದ ಮಳೆಗಾಲದಲ್ಲಿ ಪಡೀಲಿನ ನಮ್ಮ ಬೀದಿಯ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಮೇಲೆ ಪೂರ್ಣಚಂದ್ರ ತೇಜಸ್ವಿಯವರ ಫೋಟೋ, ಕೆಳಗೆ ನಾಯಿ ಸಾಕುವವರಿಗೆ ಒಂದು ಮನೆಮದ್ದು. ನಾಯಿ ಕಿವಿ ಕೆರೆದುಕೊಳ್ಳುತ್ತಿದ್ದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಿ, ಕಾಡಿನ ನಡುವೆ ಬದುಕಿದ ತೇಜಸ್ವಿಯವರೇ ಹೀಗೆ ಮಾಡುತ್ತಿದ್ದರು ಎಂದು ಅದರ ಸಾರ. ಯಾವ ಪುಸ್ತಕ, ಯಾವ ಪುಟ ಎಂದು ಏನೂ ಇರಲಿಲ್ಲ. ಹತ್ತು ಜನರಿಗೆ ಕಳಿಸಿ ಎಂದು ಮಾತ್ರ ಇತ್ತು. ಅದೇ ವಾರ ನಮ್ಮ ಮನೆಯ ನಾಯಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು, ಗಳಿಗೆಗೊಮ್ಮೆ ಕಿವಿ ಕೊಡವುತ್ತಾ ಓಡಾಡುತ್ತಿತ್ತು. ನಾವು ಬೆಳ್ಳುಳ್ಳಿ ಸುಲಿದದ್ದೂ ಆಗಿತ್ತು ಎಂದು ಇಲ್ಲೇ ಒಪ್ಪಿಕೊಂಡುಬಿಡುತ್ತೇವೆ.

ಆಮೇಲೆ ಅನುಮಾನ ಬಂತು. ಮನೆಯಲ್ಲಿರುವ ತೇಜಸ್ವಿಯವರ ಪುಸ್ತಕಗಳನ್ನೆಲ್ಲ ತೆಗೆದು ಹುಡುಕಿದೆವು. ಆ ಮದ್ದು ಎಲ್ಲೂ ಸಿಗಲಿಲ್ಲ, ಅದರ ಬದಲು ಬೇರೆ ಎಷ್ಟೋ ಸಿಕ್ಕಿತು. ಈ ಬರಹ ಅದರಿಂದ ಹುಟ್ಟಿದ್ದು. ತೇಜಸ್ವಿಯವರ ಬಾಯಿಗೆ ನಾವೂ ಮಾತು ತುರುಕಬಾರದು ಎಂದು ಅವರ ಒಂದೇ ಒಂದು ವಾಕ್ಯವನ್ನೂ ಇಲ್ಲಿ ಎತ್ತಿ ಹಾಕುವುದಿಲ್ಲ. ಅವರು ಬದುಕಿದ ರೀತಿಯನ್ನಷ್ಟೇ ಹೇಳುತ್ತೇವೆ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ಕುವೆಂಪು, ತಾಯಿ ಹೇಮಾವತಿ. ಬೆಳೆದದ್ದು, ಓದಿದ್ದು ಹೆಚ್ಚಾಗಿ ಮೈಸೂರಿನಲ್ಲಿ. ಮಹಾರಾಜ ಕಾಲೇಜು, ಕನ್ನಡ ಎಂ.ಎ., ಜೊತೆಗೆ ಸಂಗೀತ ಮತ್ತು ಫೋಟೋಗ್ರಫಿಯ ಹುಚ್ಚು. ಅಷ್ಟು ದೊಡ್ಡ ಕವಿಯ ಮಗ, ಅದೂ ಕನ್ನಡ ಎಂ.ಎ. ಮಾಡಿದವರು ಮೇಷ್ಟ್ರಾಗುತ್ತಾರೆ ಎಂದೇ ಯಾರಾದರೂ ಎಣಿಸಬಹುದಿತ್ತು. ಅವರು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯ ಕಡೆ ಹೋಗಿ ಕಾಫಿ ತೋಟ ಮಾಡಿದರು. ಮೊದಲ ತೋಟದ ಹೆಸರು ಚಿತ್ರಕೂಟ. ಕೊನೆಯವರೆಗೂ ಇದ್ದ ಮನೆಯ ಹೆಸರು ನಿರುತ್ತರ. 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದರು. ತೇಜಸ್ವಿಯವರ ಸಂಸಾರದ ಕಥೆ ಬೇಕಾದವರು ರಾಜೇಶ್ವರಿಯವರೇ ಬರೆದ ‘ನನ್ನ ತೇಜಸ್ವಿ’ ಓದಬಹುದು.

ನಮ್ಮ ಪಡೀಲಿಗೂ ಆ ಊರಿಗೂ ಏನು ಸಂಬಂಧ ಎಂದು ಕೇಳಬೇಡಿ. ಪಡೀಲಿನಿಂದ ಬಿ.ಸಿ. ರೋಡಿನ ಕಡೆ ಹೊರಟ ಬಸ್ಸು ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವುದೇ ಕೊಟ್ಟಿಗೆಹಾರ. ಅದರಾಚೆ ಮೂಡಿಗೆರೆ. ನಮ್ಮ ಮೇಲೆ ಸುರಿಯುವ ಮಳೆಯೇ ಅಲ್ಲಿಯೂ ಸುರಿಯುವುದು. ನಾಯಿಯ ಕಿವಿ ಒದ್ದೆಯಾಗಿ ಹುಣ್ಣಾಗುವುದಕ್ಕೆ ಎರಡೂ ಕಡೆ ಒಂದೇ ಕಾರಣ.

ತೇಜಸ್ವಿಯವರ ಓದುಗರಿಗೆಲ್ಲ ಪರಿಚಯವಿರುವ ನಾಯಿಯ ಹೆಸರೇ ‘ಕಿವಿ’. ಸ್ಪ್ಯಾನಿಯಲ್ ಜಾತಿಯದು. ಹೆಸರಿಗೆ ತಕ್ಕ ಹಾಗೆ ಈ ಜಾತಿಯ ನಾಯಿಗಳಿಗೆ ಉದ್ದನೆಯ ಜೋಲು ಕಿವಿ. ಹೊಡೆದ ಹಕ್ಕಿಯನ್ನು ಪೊದೆಯಿಂದ, ನೀರಿನಿಂದ ಹುಡುಕಿ ತರಲೆಂದೇ ಯುರೋಪಿನಲ್ಲಿ ತಲೆಮಾರುಗಟ್ಟಲೆ ಆಯ್ದು ಬೆಳೆಸಿದ ತಳಿ ಅದು. ತೇಜಸ್ವಿಯವರೂ ಎಳೆಯ ವಯಸ್ಸಿನಲ್ಲಿ ಕೋವಿ ಹಿಡಿದು ಶಿಕಾರಿ ಮಾಡಿದವರೇ. ಇದನ್ನು ಮುಚ್ಚಿಟ್ಟು ಅವರನ್ನು ಹುಟ್ಟಿನಿಂದಲೇ ಪರಿಸರವಾದಿ ಎಂದು ಮಾಡುವ ಪೋಸ್ಟುಗಳಿವೆ. ಅದು ಅವರಿಗೆ ಮಾಡುವ ಉಪಕಾರವಲ್ಲ. ಅವರ ಕಾಡಿನ ಕಲಿಕೆಗೆ ಕೋವಿ, ಗಾಳ, ನಾಯಿ ಎಲ್ಲವೂ ಸೇರಿವೆ. ಕೋವಿಯನ್ನು ಬಿಟ್ಟರು, ಗಾಳವನ್ನು ಬಿಡಲಿಲ್ಲ, ಕೈಗೆ ಕ್ಯಾಮೆರಾ ಬಂತು.

1991ರಲ್ಲಿ ಬಂದ ‘ಪರಿಸರದ ಕಥೆ’ಯಲ್ಲಿ ಕಿವಿ ಇದೆ. ಮಾಸ್ತಿ ಎಂಬ ಬೇಟೆಗಾರ ಮತ್ತು ಅವನ ನಾಯಿ ಬೈರನ ಕಥೆಯೂ ಅದರಲ್ಲೇ ಇದೆ. ಈ ಕಥೆಗಳ ವಿಶೇಷವೆಂದರೆ ನಾಯಿ ಅಲ್ಲಿ ಮುದ್ದಿನ ಬೊಂಬೆಯಲ್ಲ. ಅದು ಇನ್ನೊಂದು ಬಗೆಯ ಜೀವ, ಅದಕ್ಕೆ ತಿಳಿಯುವ ಲೋಕವೇ ಬೇರೆ. ವಿಜ್ಞಾನ ಹೇಳುವುದೂ ಇದನ್ನೇ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 50–60 ಲಕ್ಷ ಇದ್ದರೆ ನಾಯಿಯಲ್ಲಿ 10 ಕೋಟಿಗೂ ಹೆಚ್ಚು. ನಾವು ತೋಟದಲ್ಲಿ ನಡೆದರೆ ಕಾಣುವುದು ಕಾಫಿ ಗಿಡ, ಸಿಲ್ವರ್ ಮರ. ನಾಯಿಗೆ ರಾತ್ರಿ ಹಾದುಹೋದ ಹಂದಿ, ಬೆಳಿಗ್ಗೆ ಕೂತೆದ್ದ ಕಾಡುಕೋಳಿ, ಪಕ್ಕದ ಮನೆಯ ನಾಯಿ ಮೂತ್ರ ಮಾಡಿದ ಹೊತ್ತು ಎಲ್ಲವೂ ಒಟ್ಟಿಗೆ ಸಿಗುತ್ತದೆ. ನಾಯಿಯ ಜೊತೆ ವಾಕಿಂಗ್ ಹೋಗುವುದು ಎಂದರೆ ಈ ಓದುವಿಕೆಗೆ ಸಮಯ ಕೊಡುವುದು. ಹಗ್ಗ ಹಿಡಿದು ಮೊಬೈಲ್ ನೋಡುತ್ತಾ ಎಳೆದುಕೊಂಡು ಹೋಗುವವರು (ನಾವೂ ಇದ್ದೇವೆ) ನಾಯಿಗೆ ಪೇಪರ್ ಕೊಟ್ಟು ಕೂಡಲೇ ಕಿತ್ತುಕೊಂಡ ಹಾಗೆ.

ಆದರೆ ಆ ಫಾರ್ವರ್ಡ್‌ನ ವಿಷಯಕ್ಕೆ ಬರಬೇಕು. ನಾಯಿಯ ಕಿವಿಯ ನಾಳ ನಮ್ಮದರ ಹಾಗೆ ಹೆಚ್ಚುಕಡಿಮೆ ನೇರವಾಗಿಲ್ಲ. ಕೆಳಕ್ಕೆ ಇಳಿದು ಆಮೇಲೆ ಒಳಕ್ಕೆ ತಿರುಗುತ್ತದೆ, ಇಂಗ್ಲಿಷಿನ ‘ಎಲ್’ ಅಕ್ಷರದ ಹಾಗೆ. ಮೇಲಿಂದ ಜೋಲು ಕಿವಿಯ ಮುಚ್ಚಳ. ಒಳಗೆ ಹೋದ ನೀರು ಆರುವುದಿಲ್ಲ. ಶೀಲೀಂಧ್ರ, ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿಗೆ ಎಣ್ಣೆ ಬಿಟ್ಟರೆ ತೇವ ಇನ್ನಷ್ಟು ಉಳಿಯುತ್ತದೆ, ಕೊಳೆ ಅಂಟಿಕೊಳ್ಳುತ್ತದೆ, ಬಿಸಿ ಹೆಚ್ಚಿದ್ದರೆ ಸುಡುತ್ತದೆ. ಕಿವಿಯ ತಮಟೆ ತೂತಾಗಿದ್ದರಂತೂ ಹಾಕಿದ್ದೆಲ್ಲ ನಡುಗಿವಿಗೆ ಇಳಿಯುತ್ತದೆ. ಬೆಳ್ಳುಳ್ಳಿ, ಈರುಳ್ಳಿ ಎರಡೂ ಹೊಟ್ಟೆಗೆ ಹೋದರೆ ನಾಯಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ಕಿವಿಗೆ ಹಚ್ಚಿದ್ದನ್ನು ನಾಯಿ ಕಾಲಿನಿಂದ ಕೆರೆದು ಕಾಲನ್ನು ನೆಕ್ಕದೆ ಬಿಡುತ್ತದೆಯೇ? ಮಳೆಯಲ್ಲಿ ನೆನೆದು ಬಂದ ನಾಯಿಯ ಕಿವಿಯನ್ನು ಎತ್ತಿ ಒಣಬಟ್ಟೆಯಿಂದ ಕೈಗೆಟಕುವಷ್ಟು ಭಾಗ ಒರೆಸಿ. ಇಯರ್ ಬಡ್ ಹಾಕಬೇಡಿ. ದುರ್ವಾಸನೆ, ಕಂದು ಗುಗ್ಗೆ, ತಲೆ ವಾಲಿಸುವುದು ಕಂಡರೆ ಪಶುವೈದ್ಯರಲ್ಲಿಗೆ ಹೋಗಿ. ಕಾರಣ ಹುಳವೋ, ಶೀಲೀಂಧ್ರವೋ, ಅಲರ್ಜಿಯೋ ಎಂದು ನೋಡದೆ ಒಂದೇ ಮದ್ದು ಎಲ್ಲದಕ್ಕೂ ಆಗುವುದಿಲ್ಲ.

1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’, 1980ರಲ್ಲಿ ‘ಕರ್ವಾಲೊ’. ಹೆಚ್ಚಿನವರು ತೇಜಸ್ವಿಯವರನ್ನು ಮೊದಲು ಓದಿದ್ದು ‘ಕರ್ವಾಲೊ’ದಿಂದ. ಕಥೆ ಗೊತ್ತಿರುವವರಿಗೆ ನೆನಪಿರಬಹುದು, ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಟ ತಂಡದಲ್ಲಿ ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ ಇವರ ಜೊತೆ ಕಿವಿಯೂ ಇದೆ. ಒಬ್ಬ ವಿಜ್ಞಾನಿಗೆ ಹಳ್ಳಿಯ ಮಂದಣ್ಣ ಬೇಕು, ಅವನ ಕಣ್ಣು ಬೇಕು ಎಂದು ಹೇಳುವ ಕಾದಂಬರಿ ಅದು. ಎಷ್ಟೋ ಹುಡುಗರು ಅದನ್ನು ಓದಿ ಜೀವಶಾಸ್ತ್ರದ ಕಡೆ ತಿರುಗಿದ್ದಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಕಾದಂಬರಿಯಲ್ಲಿ ಆ ಓತಿ ಕೋಟ್ಯಂತರ ವರ್ಷಗಳ ಹಿಂದಿನಿಂದ ಉಳಿದುಬಂದ, ಯಾರೂ ಕಾಣದ ಜೀವಿ. ಅದು ಕಥೆಗೆ ಬೇಕಾದ ಕಲ್ಪನೆ. ಹಕ್ಕಿಗಳು ಇಂಥ ಓತಿಯಿಂದ ಬಂದವು ಎಂದು ಆಮೇಲೆ ಕೆಲವರು ಸೇರಿಸಿಕೊಂಡದ್ದೂ ಸರಿಯಲ್ಲ. ಹಕ್ಕಿಗಳು ಡೈನೋಸಾರ್‌ಗಳ ಒಂದು ಕವಲಿನಿಂದ ಬಂದವು. ನಿಜವಾದ ಹಾರುವ ಓತಿ, ಅಂದರೆ ಡ್ರ್ಯಾಕೊ ಡುಸುಮಿಯೆರಿ, ಪಶ್ಚಿಮ ಘಟ್ಟದಲ್ಲೂ ಕರಾವಳಿಯ ಅಡಿಕೆ ತೋಟಗಳಲ್ಲೂ ಇದೆ. ಅದನ್ನು ನೋಡಲು ದಟ್ಟ ಕಾಡಿಗೇ ಹೋಗಬೇಕೆಂದಿಲ್ಲ. ಮರದ ತೊಗಟೆಯ ಬಣ್ಣವೇ ಅದರ ಮೈಬಣ್ಣ, ಕಣ್ಣಿಗೆ ಬೀಳದಿರಲು ಅದೇ ಕಾರಣ. ಬಿಸಿಲೇರಿದ ಮೇಲೆ ಅಡಿಕೆ ಮರದ ಕಾಂಡವನ್ನೇ ನೋಡುತ್ತಾ ನಿಲ್ಲಿ. ಗಂಡು ಓತಿ ಗಂಟಲ ಕೆಳಗಿನ ಹಳದಿ ಚೀಲವನ್ನು ಬಾವುಟದ ಹಾಗೆ ಬಿಚ್ಚಿ ಮಡಿಸುವುದು ಕಂಡರೆ ಸಿಕ್ಕಿತೆಂದೇ ಲೆಕ್ಕ. ಅದು ತಿನ್ನುವುದು ಮುಖ್ಯವಾಗಿ ಮರದ ಇರುವೆಗಳನ್ನು. ಅದಕ್ಕೆ ವಿಷವಿಲ್ಲ, ರೆಕ್ಕೆಯೂ ಇಲ್ಲ. ಪಕ್ಕೆಲುಬುಗಳು ಹೊರಕ್ಕೆ ಬೆಳೆದು ಅವುಗಳ ಮೇಲೆ ಚರ್ಮ ಕೊಡೆಯಂತೆ ಹರಡಿಕೊಳ್ಳುತ್ತದೆ. ಮೇಲಿನಿಂದ ಕೆಳಕ್ಕೆ ತೇಲಿ ಮುಂದಿನ ಮರಕ್ಕೆ ಹೋಗುತ್ತದೆ, ಹಕ್ಕಿಯ ಹಾಗೆ ಮೇಲೇರಲು ಆಗುವುದಿಲ್ಲ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯುತ್ತದೆ. ಆ ಹೊತ್ತಿಗೆ ತೋಟದಲ್ಲಿ ಬಿಟ್ಟ ನಾಯಿಯಿದ್ದರೆ ಅಪಾಯ ಯಾರಿಗೆ ಎಂದು ಹೇಳಬೇಕಾಗಿಲ್ಲ.

ಬಹಳ ಮಂದಿ ನಾಯಿಪ್ರಿಯರಿಗೆ ಇಷ್ಟವಾಗದ ಮಾತು ಇದು. ತೇಜಸ್ವಿಯವರ ಕಾಲದಲ್ಲಿ ತೋಟದ ನಾಯಿ ಮನೆಯವರ ಹಿಂದೆ ಕಾಡು ಹೊಕ್ಕು ಬರುತ್ತಿತ್ತು. ಕಾಡು ದೊಡ್ಡದಿತ್ತು, ನಾಯಿಗಳು ಕಡಿಮೆ ಇದ್ದವು. ಅದನ್ನು ಓದಿ ಇವತ್ತು ನಮ್ಮ ನಾಯಿಯನ್ನು ಚಾರಣಕ್ಕೆ ಕರೆದುಕೊಂಡು ಹೋಗಿ ಹಗ್ಗ ಬಿಚ್ಚಿ ರೀಲ್ಸ್ ಮಾಡುವುದು ಬೇರೆಯೇ ಸಂಗತಿ. ನಾಯಿ ಬೆನ್ನಟ್ಟಿದರೆ ಜಿಂಕೆ ಮರಿ ಸಾಯಲು ಕಚ್ಚಬೇಕೆಂದೇನಿಲ್ಲ, ಗಾಬರಿಯಲ್ಲಿ ಓಡಿಯೂ ಸಾಯಬಹುದು. ರೋಗದ್ದು ಇನ್ನೂ ದೊಡ್ಡ ಕಥೆ. ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ಕಾಡುಪ್ರಾಣಿಗಳಿಗೂ ತಗಲುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಪರೀಕ್ಷೆಯಲ್ಲಿ ಈ ವೈರಸ್ ಕಾಣಿಸಿಕೊಂಡಿತ್ತು. ಮರಿಗೆ ಆರೆಂಟು ವಾರ ಆದಾಗಿನಿಂದ ಹಾಕಿಸುವ ಡಿಸ್ಟೆಂಪರ್, ಪಾರ್ವೊ ಲಸಿಕೆಗಳು ನಮ್ಮ ನಾಯಿಗೆ ಮಾತ್ರವಲ್ಲ, ನಾವು ಎಂದೂ ಕಾಣದ ಸೀಳುನಾಯಿ, ಚಿರತೆಗಳಿಗೂ ರಕ್ಷಣೆ.

ಚಿರತೆ ಎಂದ ಕೂಡಲೇ ಗ್ರೂಪುಗಳಲ್ಲಿ ನರಭಕ್ಷಕ ಎಂಬ ಪದ ಬರುತ್ತದೆ. ಆ ಪದವನ್ನು ಕನ್ನಡದ ಮನೆಮನೆಗೆ ತಲುಪಿಸಿದವರಲ್ಲಿ ತೇಜಸ್ವಿಯೂ ಒಬ್ಬರು. ಜಿಮ್ ಕಾರ್ಬೆಟ್ ಬರೆದ ರುದ್ರಪ್ರಯಾಗದ ಚಿರತೆಯ ಕಥೆಯನ್ನು, ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ಅವರು ಕನ್ನಡಕ್ಕೆ ತಂದರು. ರುದ್ರಪ್ರಯಾಗದ ಚಿರತೆ 1918ರಿಂದ 1926ರವರೆಗೆ 125 ಜನರನ್ನು ಕೊಂದದ್ದು ನಿಜ. ಆದರೆ ಅದು ತೀರಾ ಅಪರೂಪದ ಪ್ರಾಣಿ. ಊರಂಚಿನಲ್ಲಿ ಬದುಕುವ ಚಿರತೆ ಬರುವುದು ಹೆಚ್ಚಾಗಿ ನಾಯಿಗಾಗಿ. ಮಹಾರಾಷ್ಟ್ರದ ಅಕೋಲೆ ತಾಲೂಕಿನ ಹೊಲಗಳ ನಡುವೆ ಬದುಕುವ ಚಿರತೆಗಳ ಹಿಕ್ಕೆಯನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ ಅವುಗಳ ಮುಖ್ಯ ಆಹಾರ ಸಾಕುನಾಯಿ, ಬೀದಿನಾಯಿಗಳೇ ಎಂದು ಗೊತ್ತಾಯಿತು. ಕಾವಲಿಗೆಂದು ರಾತ್ರಿ ಅಂಗಳದಲ್ಲಿ ನಾಯಿಯನ್ನು ಸರಪಳಿಗೆ ಕಟ್ಟಿಹಾಕುವುದು ಮನೆಗೆ ಕಾವಲಲ್ಲ, ಚಿರತೆಗೆ ತಟ್ಟೆ ಇಟ್ಟಂತೆ. ನಾಯಿಯನ್ನು ಒಳಗೆ ಮಲಗಿಸಿ, ಇಲ್ಲವೇ ಮೇಲೂ ಸರಳಿರುವ ಗೂಡು ಮಾಡಿಸಿ. ಮೀನು, ಕೋಳಿಯ ಕಸವನ್ನು ರಸ್ತೆ ಬದಿಗೆ ಎಸೆಯದಿದ್ದರೆ ಬೀದಿನಾಯಿಗಳ ಗುಂಪೂ ಅಲ್ಲಿ ಸೇರುವುದಿಲ್ಲ.

1987ರಲ್ಲಿ ‘ಚಿದಂಬರ ರಹಸ್ಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದನ್ನು ಪ್ರತಿಯೊಂದು ಪೋಸ್ಟಿನಲ್ಲೂ ಬರೆಯುತ್ತಾರೆ, ಹಾಗಾಗಿ ಒಂದೇ ಸಾಲು ಸಾಕು. ನಮಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅವರ ಹಕ್ಕಿಗಳ ಕೆಲಸ. ಫಿಲ್ಮ್ ಕ್ಯಾಮೆರಾದ ಕಾಲ ಅದು. ತೆಗೆದ ಚಿತ್ರ ಸರಿ ಬಂದಿದೆಯೇ ಎಂದು ತಿಳಿಯಲು ರೋಲ್ ತೊಳೆದು ಬರುವವರೆಗೆ ಕಾಯಬೇಕು. ‘ಕನ್ನಡ ನಾಡಿನ ಹಕ್ಕಿಗಳು’, ‘ಹಕ್ಕಿ ಪುಕ್ಕ’ ಎಂಬ ಪುಸ್ತಕಗಳು ಬಂದಾಗ, ಇಂಗ್ಲಿಷ್ ಬಾರದ ಹುಡುಗನೂ ಅಂಗಳದ ಹಕ್ಕಿಗೆ ಹೆಸರು ಹುಡುಕಬಹುದು ಎಂಬಂತಾಯಿತು. ಮಿಲೆನಿಯಂ ಸರಣಿಯ 16 ಪುಸ್ತಕಗಳೂ ಇದೇ ಕೆಲಸದ ಮುಂದುವರಿಕೆ. ಜಗತ್ತಿನ ಸಂಗತಿಗಳನ್ನು ಕನ್ನಡದಲ್ಲಿ, ಹೆದರಿಸದೆ, ಹಿಗ್ಗಿಸದೆ ಹೇಳುವುದು. ಕೊನೆಗಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕೂರಬೇಕೆಂದು ಅವರು ಓಡಾಡಿದರು. ಇವತ್ತು ನಾವು ಫೋನಿನಲ್ಲಿ ಕನ್ನಡ ಟೈಪ್ ಮಾಡಿ ಅವರ ಹೆಸರಿನಲ್ಲೇ ಸುಳ್ಳು ಮದ್ದು ಕಳಿಸುತ್ತಿದ್ದೇವೆ.

ಅವರ ಹೆಸರಿರಲಿ ಇಲ್ಲದಿರಲಿ, ನಾಯಿಯ ಬಗ್ಗೆ ಓಡಾಡುವ ಫಾರ್ವರ್ಡ್‌ಗಳಲ್ಲಿ ಅತಿ ಅಪಾಯದ್ದು ಹುಚ್ಚುನಾಯಿ ರೋಗದ್ದು. ಕಚ್ಚಿದ ಜಾಗಕ್ಕೆ ಸುಣ್ಣ, ಮೆಣಸಿನ ಪುಡಿ, ಅರಿಶಿನ ಹಚ್ಚಿದರೆ ವೈರಸ್ ಸಾಯುವುದಿಲ್ಲ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯ ಆಳವಿದ್ದರೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಹೊಕ್ಕುಳ ಸುತ್ತ 14 ಚುಚ್ಚುಮದ್ದು ಎಂಬುದು ಕುರಿಯ ಮಿದುಳಿನಿಂದ ಲಸಿಕೆ ಮಾಡುತ್ತಿದ್ದ ಹಳೆಯ ಕಾಲದ್ದು. ಈಗ ಕೊಡುವುದು ತೋಳಿಗೆ, ಕೆಲವೇ ಸಲ. ಸಾಕಿದ ನಾಯಿ ತಾನೇ, ಮರಿ ತಾನೇ ಎಂದು ಬಿಡುವ ಹಾಗಿಲ್ಲ. ರೋಗದ ಲಕ್ಷಣ ಒಮ್ಮೆ ಶುರುವಾದರೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷವರ್ಷ. ಕಾರ್ಡ್ ಎಲ್ಲಿಟ್ಟಿದ್ದೀರಿ ಎಂದು ಈಗಲೇ ನೋಡಿ.

ತೇಜಸ್ವಿ 2007ರ ಏಪ್ರಿಲ್ 5ರಂದು ನಿರುತ್ತರದಲ್ಲಿ ಹೃದಯಾಘಾತದಿಂದ ತೀರಿಕೊಂಡರು. 68 ವರ್ಷ. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ. ಘಾಟಿ ಹತ್ತಿ ನೀರುದೋಸೆ ತಿನ್ನಲು ಬಸ್ಸಿಳಿಯುವವರು ಅಲ್ಲಿಗೂ ಒಮ್ಮೆ ಹೋಗಿಬರಬಹುದು.

ನಮ್ಮ ನಾಯಿಯ ಕಿವಿಯಲ್ಲಿ ಇದ್ದದ್ದು ಶೀಲೀಂಧ್ರದ ಸೋಂಕು. ಪಶುವೈದ್ಯರು ಕಿವಿ ತೊಳೆದು ಹನಿಮದ್ದು ಕೊಟ್ಟರು, ಹತ್ತು ಹನ್ನೆರಡು ದಿನದಲ್ಲಿ ತಲೆ ನೆಟ್ಟಗಾಯಿತು. ಸುಲಿದ ಬೆಳ್ಳುಳ್ಳಿ ಸಾರಿನ ಒಗ್ಗರಣೆಗೆ ಹೋಯಿತು. ಆ ಫಾರ್ವರ್ಡ್ ಮಾತ್ರ ಮೊನ್ನೆ ಇನ್ನೊಂದು ಗ್ರೂಪಿನಿಂದ ಮತ್ತೆ ಬಂದಿದೆ.