ಸರ್ ಮಿರ್ಜಾ ಇಸ್ಮಾಯಿಲ್

ಬೇರೊಂದು ಸೀಮೆಯಿಂದ ಬಂದು ನೆಲೆಸಿದ ಮನೆತನವು ಎಷ್ಟು ತಲೆಮಾರು ಕಳೆದ ಮೇಲೆ ಆ ನಾಡಿನದೇ ಆಗುತ್ತದೆ? ನಮ್ಮ ಹಾಲ್ಕುರಿಕೆಯ ಸುತ್ತಿನ ತೋಟಗಳಲ್ಲಿ, ಎಲ್ಲಿಂದಲೋ ತಂದು ನೆಟ್ಟ ತೆಂಗಿನ ಸಸಿ ಫಲ ಬಿಡತೊಡಗಿದ ಮೇಲೆ ಅದು ಯಾವ ಊರಿನ ಸಸಿಮಡಿಯದೆಂದು ಯಾರೂ ಕೇಳುವುದಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಅಷ್ಟು ಬೇಗ ಮುಗಿಯುವುದಿಲ್ಲ. 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಜೀವನವೇ ಇದಕ್ಕೆ ನಿದರ್ಶನ.

ಮಿರ್ಜಾ ಅವರ ತಾತ ಆಗಾ ಅಲಿ ಅಸ್ಕರ್ ಪರ್ಷಿಯಾ ದೇಶದ ಶಿರಾಜ್ ನಗರದವರು. 1824ರಲ್ಲಿ, ಇನ್ನೂ ಹದಿಹರೆಯದಲ್ಲಿಯೇ, ಕುದುರೆ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದರು. ಅಂದಿನ ದಂಡಿಗೆ ಒಳ್ಳೆಯ ಕುದುರೆಗಳು ಬೇಕಾಗಿದ್ದುವು, ವ್ಯಾಪಾರ ಕೈಹಿಡಿಯಿತು. ಕಮಿಷನರ್ ಮಾರ್ಕ್ ಕಬ್ಬನ್ನರ ವಿಶ್ವಾಸ ದೊರೆಯಿತು. ನಗರದಲ್ಲಿ ಹಲವು ಬಂಗಲೆಗಳನ್ನು ಕಟ್ಟಿಸಿ ಅವರು ಇಲ್ಲಿಯೇ ನೆಲೆ ನಿಂತರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಮಗ ಆಗಾ ಜಾನ್ ಮೈಸೂರು ಅರಮನೆಯ ಸೇವೆಗೆ ಸೇರಿದರು. ಹೀಗೆ ಮೊದಲ ತಲೆಮಾರು ವ್ಯಾಪಾರದಿಂದಲೂ ಎರಡನೆಯದು ಸೇವೆಯಿಂದಲೂ ಈ ನಾಡಿಗೆ ಸೇರಿಕೊಂಡವು.

ಮೂರನೆಯ ತಲೆಮಾರಿನ ಮಿರ್ಜಾ ಇಸ್ಮಾಯಿಲ್ 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರೊಡನೆ ಒಂದೇ ತರಗತಿಯಲ್ಲಿ ಕುಳಿತು ಪಾಠ ಕಲಿತರು. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದು ಸಂಸ್ಥಾನದ ಸೇವೆಗೆ ಸೇರಿದರು. ಮುಂದೆ ಮಹಾರಾಜರ ಖಾಸಗಿ ಕಾರ್ಯದರ್ಶಿಗಳಾದರು, 1926ರಲ್ಲಿ ದಿವಾನರಾದರು.

ಆ ಕಾಲದ ಮೈಸೂರಿನಲ್ಲಿ ನಮ್ಮವರು, ಹೊರಗಿನವರು ಎಂಬ ತರ್ಕ ಹೊಸದಾಗಿರಲಿಲ್ಲ. ಮದರಾಸಿನ ಕಡೆಯಿಂದ ಬಂದ ಅಧಿಕಾರಿಗಳಿಗೇ ದೊಡ್ಡ ಹುದ್ದೆಗಳು ಸಲ್ಲುತ್ತವೆಂಬ ಅಸಮಾಧಾನ ಬಹುಕಾಲದಿಂದ ಇದ್ದಿತು. ಒಳಗಿನವರಲ್ಲಿಯೂ ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ಹಿಂದುಳಿದ ವರ್ಗದವರಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ದೊರೆಯುವ ಬಗ್ಗೆ ವಿಚಾರಿಸಲು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಗಬೇಕಾಯಿತು. ಮನೆಯಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲೇರಿದ ನನ್ನಂಥವನಿಗೆ ಆ ಮುಚ್ಚಿದ ಬಾಗಿಲಿನ ಅರ್ಥ ಸುಲಭವಾಗಿ ತಿಳಿಯುತ್ತದೆ.

ದಿವಾನರಾದ ಎರಡೇ ವರ್ಷಗಳಲ್ಲಿ ಮಿರ್ಜಾ ಅವರಿಗೂ ಪರೀಕ್ಷೆ ಒದಗಿತು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ಬಗ್ಗೆ ವಿವಾದವೆದ್ದು ಗಲಭೆಯಾಯಿತು. ದಿವಾನರ ಮತವೇ ಸಂಶಯಕ್ಕೆ ಗುರಿಯಾಯಿತು. ವಿಚಾರಣಾ ಸಮಿತಿಯ ಅಧ್ಯಕ್ಷರಾದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಪೂರ್ವಿಕರೂ ಆಂಧ್ರದ ಮೋಕ್ಷಗುಂಡಂನಿಂದ ಬಂದವರೇ. ಆದರೆ ಅವರನ್ನು ಹೊರಗಿನವರೆಂದು ನಾವು ಎಣಿಸುವುದಿಲ್ಲ. ಬಂದ ದೂರ ಒಂದೇ ಅಲ್ಲ, ಜಾತಿ ಮತಗಳೂ ಈ ಲೆಕ್ಕದಲ್ಲಿ ಸೇರುತ್ತವೆಂಬುದು ಇದರಿಂದ ಸ್ಪಷ್ಟ.

ಮಹಾರಾಜರ ವಿಶ್ವಾಸ ಕದಲಲಿಲ್ಲ. ಮಿರ್ಜಾ ಅವರ ಕೆಲಸವೂ ನಿಲ್ಲಲಿಲ್ಲ. ಕನ್ನಂಬಾಡಿಯ ಬೃಂದಾವನ, 1933ರಲ್ಲಿ ಸ್ಥಾಪಿತವಾದ ಮಂಡ್ಯದ ಸಕ್ಕರೆ ಕಂಪನಿ, 1935ರ ಬೆಂಗಳೂರು ಪುರಭವನ, ಭದ್ರಾವತಿಯ ಕಾಗದದ ಕಾರ್ಖಾನೆ ಮೊದಲಾದುವು ಅವರ ಆಡಳಿತದ ಫಲಗಳು. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪನೆಯಾಗಲು ಅವರ ಬೆಂಬಲವೂ ಕಾರಣ.

ಅವರ ಆಡಳಿತದಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಅವರು ಮಣಿಯಲಿಲ್ಲ. 1938ರ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿದುದು ಅವರ ಕಾಲದಲ್ಲಿಯೇ. ಇದಕ್ಕಾಗಿ ದಿವಾನರನ್ನು ಟೀಕಿಸುವುದು ನ್ಯಾಯ. ತಾತನ ಊರಿಗಾಗಲಿ ಮತಕ್ಕಾಗಲಿ ಅವರನ್ನು ದೂರುವುದು ನ್ಯಾಯವಲ್ಲ. ಈ ಎರಡನ್ನೂ ಬೇರ್ಪಡಿಸಿ ನೋಡುವುದೇ ವಿವೇಕ.

ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. ಮರುವರ್ಷ ಮಿರ್ಜಾ ಅಧಿಕಾರ ಬಿಟ್ಟು, 1942ರಲ್ಲಿ ಜಯಪುರದ ಪ್ರಧಾನಿಗಳಾದರು. ಅಲ್ಲಿನ ಮುಖ್ಯ ಬೀದಿಗೆ ಅವರ ಹೆಸರಿದೆ. 1946ರಲ್ಲಿ ಹೈದರಾಬಾದಿಗೆ ಹೋದರು. ಅಲ್ಲಿ ದೊರೆ ಮುಸಲ್ಮಾನ, ಪ್ರಧಾನಿಯೂ ಮುಸಲ್ಮಾನ. ಆದರೂ ಇತ್ತೆಹಾದ್ ಪಕ್ಷದವರು ಅವರನ್ನು ತಮ್ಮವರೆಂದು ಒಪ್ಪಲಿಲ್ಲ. ಭಾರತದೊಡನೆ ಹೊಂದಿಕೊಂಡು ಹೋಗಬೇಕೆಂಬ ಅವರ ನಿಲುವು ಅವರಿಗೆ ಹಿಡಿಸಲಿಲ್ಲ. 1947ರಲ್ಲಿ ಮಿರ್ಜಾ ಅಲ್ಲಿಂದ ಹೊರಬಂದರು. ಬೆಂಗಳೂರಿನಲ್ಲಿ ಮತದಿಂದ ಅನ್ಯರಾದವರು ಹೈದರಾಬಾದಿನಲ್ಲಿ ವಿಚಾರದಿಂದ ಅನ್ಯರಾದರು.

ದೇಶ ಇಬ್ಭಾಗವಾದಾಗ ಮಿರ್ಜಾ ಇಲ್ಲಿಯೇ ಉಳಿದರು. ಮಡಿದದ್ದೂ ಹುಟ್ಟಿದ ಬೆಂಗಳೂರಿನಲ್ಲಿಯೇ, 1959ರ ಜನವರಿ 5ರಂದು. ಹೊರಗಿನಿಂದ ಬಂದವನು ದುಡಿದು ಈ ನಾಡಿನ ಪ್ರೀತಿಯನ್ನು ಗಳಿಸಬಲ್ಲ. ಆದರೆ ಅವನ ಮಕ್ಕಳು, ಮೊಮ್ಮಕ್ಕಳು ತಲೆಮಾರಿಗೊಮ್ಮೆ ಆ ಸಾಲವನ್ನು ಮತ್ತೆ ತೀರಿಸಬೇಕಾದರೆ, ಕೊರತೆ ಅವರಲ್ಲಿಲ್ಲ, ಲೆಕ್ಕ ಬರೆಯುವ ನಮ್ಮಲ್ಲಿದೆ. ನಾಳೆ ಕಛೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಕುಳಿತು ಇತರರ ಅರ್ಜಿಗಳನ್ನು ನೋಡಲಿರುವ ವಿದ್ಯಾರ್ಥಿಮಿತ್ರರು ಇದನ್ನು ನೆನಪಿನಲ್ಲಿಡಬೇಕು.